ಒಂದು ಹಿಡಿ ಒಂದೆಲಗ

ಹೊಸನಗರ ಪೇಟೆಯಲ್ಲಿ ಜಿನಮತಮ್ಮನ ಮನೆ ಯಾವುದೆಂದು ಕೇಳಿದರೆ ಗುರುತು ಹೇಳಲು ಯಾರೂ ಒದ್ದಾಡುತ್ತಿರಲಿಲ್ಲ. ಬಾವಿಕಟ್ಟೆಯ ಮೇಲೆ ಎರಡು ಮಡಿಕೆಯ ಬಿಳಿ ಬಟ್ಟೆ ಒಣಗುತ್ತಿದೆಯಲ್ಲ, ಅದೇ ಮನೆ. ಸೇದಿದ ನೀರನ್ನು ಆ ಬಟ್ಟೆಯಲ್ಲಿ ಸೋಸದೆ ಹೊಸಿಲು ದಾಟಿಸುವಂತಿರಲಿಲ್ಲ. ಬಟ್ಟೆಯಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಗಳನ್ನು ಮತ್ತೆ ಮೆಲ್ಲಗೆ ಬಾವಿಗೇ ಇಳಿಸಬೇಕು. ಸೋಸಿದ ನೀರಿಗಾದರೂ ಎಷ್ಟು ಆಯುಸ್ಸು? ಎರಡೇ ಗಳಿಗೆ. ಮುಕ್ಕಾಲು ಗಂಟೆ ಕಳೆಯಿತೋ, ಅದರಲ್ಲಿ ಮತ್ತೆ ಜೀವ ಹುಟ್ಟಿತೆಂದೇ ಲೆಕ್ಕ; ಮತ್ತೆ ಸೋಸಬೇಕು. ಗಂಡ ಪದ್ಮಣ್ಣ ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆಯುವವನು, ಸಾಧು ಮನುಷ್ಯ. “ನಮ್ಮನೇಲಿ ಬಾಯಾರಿಕೆಗೂ ಟೈಮ್ ಟೇಬಲ್ ಉಂಟು” ಎಂದು ಅಂಗಡಿಯಲ್ಲಿ ಹೇಳಿ ನಗುತ್ತಿದ್ದ. ಮನೆಯಲ್ಲಿ ಹಾಗೆ ನಗುವ ಧೈರ್ಯ ಅವನಿಗೆಲ್ಲಿತ್ತು!

ಈ ಜಿನಮತಮ್ಮನ ಜಗಲಿಗೆ ಅರವತ್ನಾಲ್ಕನೆಯ ಇಸವಿಯ ಮಾಘ ಮಾಸದ ಕೊನೆಯಲ್ಲಿ ಕೆರಿಯಮ್ಮ ಬಂದಳು. ಹದಿನಾರು ವರ್ಷದಿಂದ ವಾರಕ್ಕೊಮ್ಮೆ ಸೊಪ್ಪು ತಂದುಕೊಡುತ್ತಿದ್ದವಳು. ಅವಳ ಊರು ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಮುಳುಗುವುದಿತ್ತು. ನಾಳೆ ಲಾರಿ ಬಂದು ಮಂದಿಯನ್ನೂ ಪಾತ್ರೆಪಡಗವನ್ನೂ ಬಯಲುಸೀಮೆಯ ಕಡೆಗೆ ಒಯ್ಯುತ್ತದೆ. ಅವತ್ತು ಅವಳ ಬುಟ್ಟಿಯಲ್ಲಿ ಸೊಪ್ಪಿನ ಅಡಿಯಲ್ಲೊಂದು ಆಮೆಮರಿ ಇತ್ತು. ಅಂಗೈಯಗಲ, ಕರಟ ಬೋರಲು ಹಾಕಿದ ಹಾಗೆ.

“ಬಿದಿರು ಮಟ್ಟಿ ಸವರುವಾಗ ಸಿಕ್ತು ಅಮ್ಮಾ. ಹಿತ್ಲಲ್ಲೇ ಸಾಕ್ಕಂಡಿದ್ದೆ. ಅಲ್ಲಿ ಹೋಗಿ ಸೂರು ಎಬ್ಬಿಸೋ ತನಕ ಇದನ್ನ ಎಲ್ಲಿಡ್ಲಿ? ಯುಗಾದಿ ಕಳೀಲಿ, ಬಂದು ತಗಂಡು ಹೋಗ್ತೀನಿ. ಸೊಪ್ಪು ಹಾಕಿ, ನೀರು ತೋರ್ಸಿ, ಅಷ್ಟೇಯ. ಬಾವಿಗೆ ಮಾತ್ರ ಬಿಡ್ಬೇಡಿ. ಇದು ಕಾಡಾಮೆ, ಈಜಾಕೆ ಬರಲ್ಲ.”

“ಮನೆಮಾರು ಬಿಟ್ಟು ಹೋಗೋಳು ನೀನು, ಆಮೆ ಚಿಂತೆ ಮಾಡ್ತೀಯಲ್ಲೇ!” ಎಂದು ಜಿನಮತಮ್ಮ ಗದರಿದಳು. ಗದರದಿದ್ದರೆ ಅತ್ತುಬಿಡುತ್ತಿದ್ದಳು. “ಇಟ್ಟು ಹೋಗು. ನೀ ಬರೋ ತನಕ ಇದರ ಒಂದು ಕೂದಲೂ ಕೊಂಕಲ್ಲ.”

“ಕೂದಲೆಲ್ಲುಂಟು ಅಮ್ಮಾ ಅದಕ್ಕೆ?” ಎಂದಳು ಕೆರಿಯಮ್ಮ. ಇಬ್ಬರೂ ನಕ್ಕರು, ಆಮೇಲೆ ಇಬ್ಬರೂ ಕಣ್ಣೊರೆಸಿಕೊಂಡರು.

ಮರಿಗೆ ಚಿಪ್ಪಣ್ಣ ಎಂದು ಹೆಸರಾಯಿತು. ಒಲೆಯ ಬದಿಯಲ್ಲಿ ಬೆಚ್ಚಗೆ ಬುಟ್ಟಿ, ಬುಟ್ಟಿಯೊಳಗೆ ಹಳೆಯ ಸೀರೆಯ ಹಾಸು. ಕೆರಿಯಮ್ಮ ಬಿಟ್ಟುಹೋದ ಸೊಪ್ಪು ನಾಲ್ಕು ದಿನ ಬಂತು, ಆಮೇಲೆ ಹಿತ್ತಲಲ್ಲಿ ಕಿತ್ತದ್ದು. ನೀರಿನದೇ ಪೇಚಾಟ. ತಟ್ಟೆಯಲ್ಲಿ ನೀರು ತುಂಬಿಸಿಟ್ಟರೆ ಎರಡು ಗಳಿಗೆಗೆ ಅದು ಕೆಡುತ್ತದೆ. ದಿನವಿಡೀ ಅದನ್ನು ಬದಲಿಸುತ್ತ ಕೂತರೆ ಅಡಿಗೆ ಮಾಡುವವರ್ಯಾರು? ಜಿನಮತಮ್ಮ ತಲೆ ಓಡಿಸಿ, ಮಗಳಿಗೆ ಕೂಸಿನಲ್ಲಿ ಹಾಲು ಕುಡಿಸಿದ ಹಳೆಯ ಒಳಲೆ ಹುಡುಕಿ ತೆಗೆದಳು. ಹೊತ್ತು ಹೊತ್ತಿಗೆ ಸೋಸಿದ ನೀರನ್ನು ಚಿಪ್ಪಣ್ಣನ ಮೂತಿಗೆ ಹಿಡಿಯುವಳು. ಅವನು ಕುತ್ತಿಗೆ ಒಳಗೆಳೆದುಕೊಳ್ಳುವನು. “ಬಾಯಾರಿಕೆ ಇಲ್ಲ ಪಾಪ” ಎಂದು ಅವಳು ನೀರು ಚೆಲ್ಲುವಳು. ಹೊತ್ತು ಮುಳುಗಿದ ಮೇಲಂತೂ ಅದೂ ಇಲ್ಲ; ಜೈನರ ಮನೆ, ಕತ್ತಲಾದ ಮೇಲೆ ಅಲ್ಲಿ ಯಾರೂ ನೀರು ಮುಟ್ಟುವಂತಿಲ್ಲ.

ಅಷ್ಟರಲ್ಲಿ ಫಾಲ್ಗುಣದ ಅಷ್ಟಮಿ ಬಂತು. ಪದ್ಮಣ್ಣ ಒಮ್ಮೆ ವಿಷಮಜ್ವರದಿಂದ ಎದ್ದು ಕೂತಾಗ ಜಿನಮತಮ್ಮ ಒಂದು ನೋಂಪಿ ಹಿಡಿದಿದ್ದಳು. ವರ್ಷವರ್ಷವೂ ಫಾಲ್ಗುಣದಲ್ಲಿ ಎಂಟು ದಿನದ ವ್ರತ, ಹೀಗೆ ಎಂಟು ವರ್ಷ. ಆ ಎಂಟು ದಿನ ಹಸಿರೆಲೆ ತಿನ್ನುವಂತಿಲ್ಲ, ಕೀಳುವಂತೆಯೇ ಇಲ್ಲ. ನಡುವೆ ಒಮ್ಮೆ ತಪ್ಪಿದರೂ ಮೊದಲಿನಿಂದ ಶುರುಮಾಡಬೇಕು. ಅದು ಎಂಟನೆಯ ವರ್ಷ. ಹುಣ್ಣಿಮೆಯ ದಿನ ಬಸದಿಯಲ್ಲಿ ಪೂಜೆ ಮಾಡಿಸಿದರೆ ಮುಗಿಯಿತು. ಮನೆಯಲ್ಲಿರುವವನು ಮನೆಯವನೇ ತಾನೇ? ಚಿಪ್ಪಣ್ಣನಿಗೂ ಸೊಪ್ಪು ನಿಂತಿತು. ಹಾಲಲ್ಲಿ ನೆನೆಸಿದ ಅವಲಕ್ಕಿ ಬಂತು. ಅವನು ಮೂಸಿಯೂ ನೋಡಲಿಲ್ಲ.

ಏಳನೆಯ ದಿನ ಬೆಳಿಗ್ಗೆ ಚಿಪ್ಪಣ್ಣನನ್ನು ಎತ್ತಿಕೊಂಡಳು. ಒಣ ಎಲೆ ಎತ್ತಿದಷ್ಟು ಹಗುರ. ಕಣ್ಣು ಗುಳಿಬಿದ್ದು ಮುಚ್ಚಿಕೊಂಡಿದೆ. ಹಾಸಿನ ಮೇಲೆ ಸುಣ್ಣದ ಹರಳಿನಂಥದ್ದೇನೋ ಬಿದ್ದಿದೆ. ದನದ ಆಸ್ಪತ್ರೆಗೆ ಹೊರಟಿದ್ದ ಕಂಪೌಂಡರ್ ಮುಕುಂದಯ್ಯನನ್ನು ಬೀದಿಯಲ್ಲೇ ಅಡ್ಡಗಟ್ಟಿದಳು. ಆತ ಸೈಕಲ್ಲು ನಿಲ್ಲಿಸಿ ಮರಿಯ ಕುತ್ತಿಗೆಯ ಚರ್ಮ ಚಿವುಟಿ ಬಿಟ್ಟ. ಚಿವುಟಿದ್ದು ಹಾಗೇ ನಿಂತಿತು.

“ಒಣಗಿ ಹೋಗಿದೆಯಲ್ಲ! ಎಂತ ಕೊಡ್ತಿದ್ರಿ?” ಕೇಳಿ ತಿಳಿದು ಹಣೆ ಚಚ್ಚಿಕೊಂಡ. “ಹಾಲು, ಅವಲಕ್ಕಿ! ಇದೇನು ಬಾಣಂತಿಯಾ ಮಾರಾಯ್ರೇ? ಒಳಲೇಲಿ ಕುಡಿಯೋ ಪ್ರಾಣಿ ಅಲ್ಲ ಇದು. ತಟ್ಟೇಲಿ ಉಗುರುಬೆಚ್ಚಗಿನ ನೀರು, ಗಲ್ಲದ ಕೆಳಗೇ ನಿಲ್ಲೋ ಹಾಗೆ. ಅದರಲ್ಲಿ ಕೂರಿಸಿ, ಇಪ್ಪತ್ತು ನಿಮಿಷ ಸಾಕು. ತಾನೇ ಮೂತಿ ಅದ್ದಿ ಕುಡೀತದೆ. ಆಮೇಲೆ ನೀರು ಚೆಲ್ಲಿ. ದಿನಾ ಹೀಗೇ. ಬೆಳಗಿನ ಬಿಸಿಲು ತೋರಿಸಿ, ಪಕ್ಕದಲ್ಲೇ ನೆರಳಿರಲಿ. ಮತ್ತೆ ಹಸಿ ಸೊಪ್ಪು, ಇವತ್ತೇ.”

“ನಾಳೆ ಹುಣ್ಣಿಮೆ. ನಾಡಿದ್ದು ಕೊಟ್ರೆ ಆಗಲ್ವಾ?”

“ನಾಡಿದ್ದಿಗೆ ಉಳಿದ್ರೆ ಕೊಡಿ” ಎಂದು ಮುಕುಂದಯ್ಯ ಸೈಕಲ್ಲು ಹತ್ತಿದ.

ಇಪ್ಪತ್ತು ನಿಮಿಷ! ಅಂದರೆ ಒಂದು ಗಳಿಗೆಯೂ ಆಗಲಿಲ್ಲ. ಎರಡು ಗಳಿಗೆಗೆ ಹೆದರಿ ಒಂದು ಗಳಿಗೆಯ ನೀರನ್ನೂ ಕೊಡದೆ ಹೋದೆನಲ್ಲ ಎಂದು ಜಿನಮತಮ್ಮ ತನ್ನನ್ನೇ ಬೈದುಕೊಳ್ಳುತ್ತ ನೀರು ಸೋಸಿ, ಬೆಚ್ಚಗೆ ಮಾಡಿ, ತಟ್ಟೆಗೆ ಹಾಕಿ ಮರಿಯನ್ನು ಕೂರಿಸಿದಳು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಆ ಸಣ್ಣ ಮೂತಿ ನೀರಿಗೆ ಬಾಗಿತು. ಗಂಟಲು ಗುಟುಕು ಗುಟುಕಾಗಿ ಅಲುಗಿತು. “ಕುಡಿ ಮಗನೇ, ಕುಡಿ” ಎಂದಳು.

ಇನ್ನು ಸೊಪ್ಪು. ಬಚ್ಚಲ ನೀರು ಹರಿಯುವಲ್ಲಿ ಒಂದೆಲಗ ಹಾಸಿಕೊಂಡಿತ್ತು. ಪಕ್ಕದ ಮನೆಯವರಿಗೆ ಹೇಳಿ ಕೀಳಿಸಿದರಾಯಿತು ಎಂದು ಒಮ್ಮೆ ಅನ್ನಿಸಿತು. ಆದರೆ ತಾನು ಮಾಡಿದರೂ, ಇನ್ನೊಬ್ಬರಿಂದ ಮಾಡಿಸಿದರೂ, ಮಾಡಿದವರಿಗೆ ಒಳ್ಳೆಯದಾಯಿತು ಎಂದರೂ ಪಾಪ ಒಂದೇ ಎಂದು ಬಸದಿಯ ಪುರೋಹಿತರಾದ ಇಂದ್ರರು ಹೇಳಿದ್ದು ಅವಳಿಗೆ ಗೊತ್ತಿತ್ತು. ಮೋಸವನ್ನು ಯಾರಿಗೆ ಮಾಡುವುದು? ಏಳು ವರ್ಷ, ಮೇಲೆ ಏಳು ದಿನ. ಎಲ್ಲ ಮುಗಿಯಲು ಇನ್ನೊಂದೇ ದಿನ. ಒಳಗೆ ತಟ್ಟೆಯಲ್ಲಿ ಕೆರಿಯಮ್ಮನಿಗೆ ಕೊಟ್ಟ ಮಾತು ಅರೆಗಣ್ಣು ತೆರೆದು ಕೂತಿತ್ತು. ಜಿನಮತಮ್ಮ ಸೆರಗು ಸಿಕ್ಕಿಸಿ ಬಗ್ಗಿದಳು. ಒಂದು ಹಿಡಿ ಒಂದೆಲಗ ಚಿವುಟಿದಳು.

ಚಿಪ್ಪಣ್ಣ ಮೊದಲ ಎಲೆಯನ್ನು ಕಚ್ಚಿದಾಗ ಪದ್ಮಣ್ಣ ಬಾಗಿಲಲ್ಲಿ ನಿಂತಿದ್ದ. “ಎಂಟನೇ ವರ್ಷ ಮಾರಾಯ್ತಿ...” ಎಂದ ಮೆಲ್ಲಗೆ.

“ಇನ್ನೆಂಟು ವರ್ಷ ಬದುಕ್ತೀನಿ ಬಿಡಿ. ನೀವೂ ಬದುಕಿ” ಎಂದಳು.

ಯುಗಾದಿ ಕಳೆದ ವಾರಕ್ಕೆ ಕೆರಿಯಮ್ಮ ಖಾಲಿ ಬುಟ್ಟಿ ಹಿಡಿದು ಬಂದಳು. ಬಿಸಿಲಲ್ಲಿ ಕಪ್ಪಾಗಿದ್ದಳು, ಸೊರಗಿದ್ದಳು. ಅಂಗಳದಲ್ಲಿ ಚಿಪ್ಪಣ್ಣ ತಟ್ಟೆಯ ನೀರಿನಲ್ಲಿ ಕಾಲು ಚಾಚಿಕೊಂಡು ಸುಖವಾಗಿ ಕೂತಿದ್ದ. ಕೊಟ್ಟುಬಿಡಬೇಕಲ್ಲ ಎಂದುಕೊಳ್ಳುತ್ತ ಜಿನಮತಮ್ಮ ಅವನ ಚಿಪ್ಪನ್ನು ಮತ್ತೆ ಮತ್ತೆ ಒರೆಸುತ್ತಿದ್ದಳು. ಪದ್ಮಣ್ಣ ತಡೆಯಲಾರದೆ ವ್ರತದ ಕತೆಯನ್ನೆಲ್ಲ ಹೇಳಿಬಿಟ್ಟ. ಕೆರಿಯಮ್ಮ ಬುಟ್ಟಿಯನ್ನು ಕೆಳಗಿಟ್ಟಳು.

“ಇಲ್ಲೇ ಇರ್ಲಿ ಅಮ್ಮಾ. ಅಲ್ಲಿ ಒಂದು ಕೊಡ ನೀರಿಗೆ ಒಂದು ಮೈಲಿ ನಡೀಬೇಕು. ಇವನಿಗೆ ದಿನಾ ಸ್ನಾನ ಎಲ್ಲಿಂದ ಮಾಡಿಸ್ಲಿ?” ಎಂದಳು. ಸೋಸಿದ ನೀರು ಎರಡು ಚೆಂಬು ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಹೋದಳು.

ಮರುವರ್ಷ ಫಾಲ್ಗುಣದ ಅಷ್ಟಮಿ. ಹೊಸ ವ್ರತದ ಮೊದಲ ವರ್ಷ, ಮೊದಲ ದಿನ. ಚಿಪ್ಪಣ್ಣನಿಗೆ ಸೊಪ್ಪು ಕೀಳಲೇಬೇಕು, ವ್ರತ ಈ ಸಲವೂ ಮುರಿದಂತೆಯೇ ಎಂದುಕೊಂಡು ಜಿನಮತಮ್ಮ ಬಚ್ಚಲ ಕಡೆಗೆ ಹೊರಟಿದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ಕೆರಿಯಮ್ಮ. ಎರಡು ಬಸ್ಸು ಬದಲಿಸಿ ಬಂದಿದ್ದಳು. ಒದ್ದೆ ಗೋಣಿ ಹೊದಿಸಿದ ಬುಟ್ಟಿಯ ತುಂಬ ದಾರಿಯ ಕೆರೆಯಂಚಿನಲ್ಲಿ ಕಿತ್ತ ಒಂದೆಲಗ, ಎಂಟು ದಿನಕ್ಕಾಗುವಷ್ಟು.

“ನೀವು ಹೇಳ್ಲಿಲ್ಲ, ನಾನೇ ತಂದೆ. ಕಿತ್ತ ಪಾಪ ನಂದು, ತಿನ್ನೋನು ಅವನು. ನೀವು ಒಳಗೆ ಹೋಗಿ ಅಮ್ಮಾ, ನಿಮ್ಮ ವ್ರತ ನೋಡ್ಕಳಿ.”

ಒಳ್ಳೆಯ ಕೆಲಸ ಮಾಡಿದೆ ಎನ್ನುವಂತಿಲ್ಲ, ಹಾಗೆಂದರೂ ಪಾಪವೇ. ಅಷ್ಟು ದೂರದಿಂದ ಹೊತ್ತು ತಂದವಳಿಗೆ ಬೇಡ ಎನ್ನುವುದಾದರೂ ಹೇಗೆ? ಪೇಟೆಯಲ್ಲೇ ಜೋರು ಬಾಯಿಯ ಜಿನಮತಮ್ಮ ಅವತ್ತು ಒಂದು ಮಾತೂ ಆಡದೆ ಬಾವಿಕಟ್ಟೆಗೆ ಹೋದಳು. ಬಿಳಿ ಬಟ್ಟೆ ಹಿಡಿದು ಕೆರಿಯಮ್ಮನಿಗೆಂದು ಒಂದು ಚೆಂಬು ನೀರು ಸೋಸುತ್ತ ಅಲ್ಲೇ ಕೂತು ಅತ್ತಳು.