ನೆಲಮಾಳಿಗೆಯ ನಾತ

ಗುನ್ಹಿಲ್ಡ್ ಸಂಶೋಧನಾಲಯದ ಸುರಕ್ಷತಾ ಅಧಿಕಾರಿ. ಅವಳ ಕಾಲಸಪ್ಪಳ ಕೇಳಿದರೆ ಸಾಕು, ದೊಡ್ಡ ದೊಡ್ಡ ಪ್ರೊಫೆಸರುಗಳೂ ಕಾಫಿ ಲೋಟ ಬೆನ್ನ ಹಿಂದೆ ಅಡಗಿಸುತ್ತಿದ್ದರು. ಆಮ್ಲದ ಬಾಟಲಿಗೆ ಚೀಟಿ ಇಲ್ಲ, ರೋಗಾಣು ಮುಟ್ಟಿದ ಕೈಗವಸಿನಲ್ಲೇ ಬಾಗಿಲು ತೆಗೆದೆ, ಒಂದಲ್ಲ ಒಂದು ತಗಾದೆ. ವಿಷಾನಿಲ ಸೋರಿದ ಕೋಣೆಗೆ ಯಾರನ್ನೋ ಉಳಿಸುತ್ತೇನೆಂದು ಬರಿಮೂಗಿನಲ್ಲಿ ನುಗ್ಗುವವರನ್ನು ಕಂಡರಂತೂ ಅವಳಿಗೆ ಆಗದು. "ನುಗ್ಗಿದವನು ಎರಡನೇ ಹೆಣ ಆಗ್ತಾನೆ, ಅಷ್ಟೆ," ಎನ್ನುತ್ತಿದ್ದಳು.

ಮನೆಯಲ್ಲೂ ಅದೇ ದರ್ಬಾರು. ಗಂಡ ಸಿಕ್ಸ್ಟೆನ್ ಅದೇ ಸಂಶೋಧನಾಲಯದ ನೆಲಮಾಳಿಗೆಯಲ್ಲಿ ತಂತ್ರಜ್ಞ. ಆಗಸ್ಟ್ ಬಂತೆಂದರೆ ಅಂಗಡಿಗೆ ಹೊಸದಾಗಿ ಬರುವ, ಹುಳಿ ಬರಿಸಿದ ಹೆರಿಂಗ್ ಮೀನಿನ ಡಬ್ಬಿಗಾಗಿ ಪಾಪದವನ ಜೀವ ಬಾಯಿ ಬಾಯಿ ಬಿಡುತ್ತಿತ್ತು. ಅದರ ನಾತವೋ, ಕೊಳೆತ ಮೊಟ್ಟೆಯೇ ವಾಸಿ! "ಆ ಡಬ್ಬಿ ಹೊಸಿಲು ದಾಟಿದ್ರೆ ನಾನು ದಾಟಲ್ಲ," ಎಂದು ಮದುವೆಯಾದ ವರ್ಷವೇ ಅವಳು ಸಾರಿಬಿಟ್ಟಿದ್ದಳು.

ಒಂದು ಮಧ್ಯಾಹ್ನ ನೆಲಮಾಳಿಗೆಯಿಂದ ಕೊಳೆತ ಮೊಟ್ಟೆಯ ನಾತ ಮೆಟ್ಟಿಲೇರಿ ಬಂತು. ಕೆಳಗೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲದ ಸಿಲಿಂಡರ್ ಇತ್ತು. ಅದರ ನಾತವೂ ಥೇಟ್ ಹೀಗೇ. ಗುನ್ಹಿಲ್ಡ್ ಗಂಟೆ ಹೊಡೆಸಿದಳು, ಕಟ್ಟಡ ಖಾಲಿ ಮಾಡಿಸಿದಳು, ಅಗ್ನಿಶಾಮಕದವರನ್ನು ಕರೆಸಿದಳು. ಅಂಗಳದಲ್ಲಿ ಎಲ್ಲರೂ ಇದ್ದರು, ಸಿಕ್ಸ್ಟೆನ್ ಮಾತ್ರ ಇರಲಿಲ್ಲ.

"ನಾನು ಒಂದು ಸಲ ಇಣುಕಿ ಬರ್ಲಾ?" ಎಂದ ಕಾವಲುಗಾರ ಯೋರಾನ್.

"ಹೆಜ್ಜೆ ಇಟ್ರೆ ಕಾಲು ಮುರೀತೀನಿ!"

ಅಂದಳೇನೋ ಹೌದು, ಆದರೆ ಅವಳ ಕಾಲುಗಳೇ ಬಾಗಿಲ ಕಡೆ ಎಳೆಯುತ್ತಿದ್ದವು. ತಾನೇ ಮಾಡಿದ ನಿಯಮ ತನ್ನ ಕೊರಳಿಗೇ ಬಂದಿತ್ತು. ಆ ಅನಿಲ ಹೆಚ್ಚಾದರೆ ಮೊದಲು ಮೂಗನ್ನು ಸಾಯಿಸುತ್ತದೆ; ನಾತ ಹೋಯಿತೆಂದು ನಿರಾಳವಾದವನು ಅಲ್ಲೇ ಕುಸಿಯುತ್ತಾನೆ. ಇದನ್ನು ಎಷ್ಟು ಜನರಿಗೆ ಪಾಠ ಮಾಡಿದ್ದಳೋ! ಯೋರಾನನ ತೋಳನ್ನು ಗಟ್ಟಿಯಾಗಿ ಹಿಡಿದು, 'ದೇವರೇ, ನನ್ನ ಗಂಡನ ಮೂಗಿಗೆ ಇನ್ನೂ ನಾತ ಬಡೀತಿರಲಿ' ಎಂದು ಬೇಡಿಕೊಂಡಳು.

ಮುಖವಾಡ ತೊಟ್ಟು ಒಳಹೋದ ಅಗ್ನಿಶಾಮಕದವರು ಸಿಕ್ಸ್ಟೆನ್‌ನನ್ನು ಕರೆತಂದರು. ನಡೆದುಕೊಂಡೇ ಬಂದ! ಪಂಪಿನ ಸದ್ದಿಗೆಂದು ಹಾಕಿದ್ದ, ಗಂಟೆಯನ್ನೂ ಕೇಳಗೊಡದ ಕಿವಿಮುಚ್ಚಳ ಕತ್ತಿನಲ್ಲಿ ನೇತಾಡುತ್ತಿತ್ತು, ಕೈಯಲ್ಲಿ ಅರ್ಧ ತಿಂದ ತೆಳು ರೊಟ್ಟಿ. ಹಿಂದಿದ್ದವನೊಬ್ಬ ಮೀನಿನ ಡಬ್ಬಿಯನ್ನು ಮಾರು ದೂರ ಹಿಡಿದು ಬರುತ್ತಿದ್ದ.

"ಹೊಗೆ ಎಳೆಯೋ ಗಾಜಿನ ಗೂಡಲ್ಲಿಟ್ಟು ತೆರೆದೆ ಕಣೇ," ಎಂದು ಸಿಕ್ಸ್ಟೆನ್ ತೊದಲಿದ. "ನಾತ ಎಲ್ಲ ಸೂರಿನಾಚೆ ಹೋಗುತ್ತೆ ಅಂದ್ಕೊಂಡೆ. ಹಾಳಾದ್ದು ಫ್ಯಾನು ಇವತ್ತೇ ಕೈಕೊಡ್ತು."

"ಪ್ರಯೋಗಾಲಯದಲ್ಲಿ ತಿಂತಿದ್ಯಾ? ನನ್ನ ಗಂಡ ಆಗಿ? ಮುಟ್ಠಾಳ!" ಗುನ್ಹಿಲ್ಡ್ ಅವನ ಎದೆಗೆ ಗುದ್ದಿದಳು. ಗುದ್ದುತ್ತಲೇ ಅವನ ಕೋಟಿನಲ್ಲಿ ಮುಖ ಹುದುಗಿಸಿ ಎಲ್ಲರೆದುರೂ ಅತ್ತುಬಿಟ್ಟಳು.

"ತುಂಬಾ ನಾತಾನಾ?" ಎಂದ ಸಿಕ್ಸ್ಟೆನ್, ಕಳ್ಳನ ದನಿಯಲ್ಲಿ.

"ಮೂಗು ಬಿರಿಯೋ ಹಾಗಿದೆ," ಎಂದಳು, ಮುಖ ಎತ್ತದೆ. "ಮುಂದಿನ ವರ್ಷ ಮನೇಲೇ ತೆರೀ. ನನ್ನ ಅಡುಗೆಮನೇಲೇ ಕೂತು ತಿನ್ನು."