ಸೈಲಾಬ ಸಾಹೇಬರ ಸ್ವಾಗತ

ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯ ಮರುವರ್ಷ ನನ್ನ ಮದುವೆಯಾಯಿತು. ಬೀದರ ಪೇಟೆಯಲ್ಲಿ ಬೆಳೆದ ನಾನು ಮಾಂಜ್ರಾ ಹೊಳೆ ದಾಟಿ, ಔರಾದ ತಾಲ್ಲೂಕಿನ ದಂಡೆಯ ಹಳ್ಳಿಗೆ ಸೊಸೆಯಾಗಿ ಬಂದೆ. ಮಾವ ಇರಲಿಲ್ಲ. ಮನೆ, ಹೊಲ, ಕುರಿಹಿಂಡು ಎಲ್ಲವನ್ನೂ ಆಳುತ್ತಿದ್ದವರು ಅತ್ತೆ. ಹೊಸ ಸೊಸೆ ಹಿರಿಯರೆದುರು ಬಾಯಿ ಬಿಡಬಾರದೆಂಬ ಊರು ಅದು. ನಾನೋ ಉರ್ದು ಶಾಲೆಯಲ್ಲಿ ಓದಿ, ದಿನವಿಡೀ ಹರಟಿ ಬೆಳೆದವಳು. ಮೊದಲ ತಿಂಗಳು ಆಡದ ಮಾತುಗಳಿಂದಲೇ ಹೊಟ್ಟೆಯುಬ್ಬಿ ಸಾಯುವುದೊಂದು ಬಾಕಿ.

ನವರಾತ್ರಿಗೆ ಮುಂಚೆ, ಬಿಸಿಲು ಚೆನ್ನಾಗಿ ಬಿದ್ದಿದ್ದ ಒಂದು ಬೆಳಿಗ್ಗೆ ಡಂಗುರದವನು ಬಂದ. ಆಳುವವರು ಬದಲಾಗಿದ್ದರೂ ಡಂಗುರ ಇನ್ನೂ ಹಳೆಯ ಉರ್ದುವಿನಲ್ಲೇ ಇತ್ತು.

"ನದೀ ಪರ್ ಸೈಲಾಬ್ ಆನೇವಾಲಾ ಹೈ! ಸಬ್ ತಯಾರ್ ರಹೋ!"

ಕೂಗಿದವನು ನೀರೂ ಕುಡಿಯದೆ ಮುಂದಿನ ಊರಿಗೆ ಓಡಿದ. ಆಗ ಹೊಸ ಸರ್ಕಾರದ ಹೊಸ ಅಧಿಕಾರಿಗಳು ಒಬ್ಬರ ಹಿಂದೊಬ್ಬರು ಬರುತ್ತಿದ್ದ ಕಾಲ. ಯಾರೋ ಸೈಲಾಬ ಸಾಹೇಬರು ಹೊಳೆ ದಾಟಿ ಬರುತ್ತಾರೆ, ಎಲ್ಲರೂ ತಯಾರಾಗಿರಬೇಕೆಂದು ಊರು ತಿಳಿದುಕೊಂಡಿತು. ಗೌಡರು ಜರಿ ರುಮಾಲು ಸುತ್ತಿಕೊಂಡು ದಂಡೆಗೆ ನಡೆದರು. ಹುಡುಗರು ಮಾವಿನ ತೋರಣದ ಕಮಾನು ಕಟ್ಟಿದರು. ದಂಡೆಯ ಬೀಳು ಹೊಲದಲ್ಲಿ ಹಿಂಡನ್ನು ತರುಬಿ ನಿಲ್ಲಿಸಿದ್ದ ಅತ್ತೆ, ಸಾಹೇಬರಿಗೆ ಕೊಡಲು ದಪ್ಪನೆಯ ಟಗರೊಂದನ್ನು ಆರಿಸಿಟ್ಟು, ಸೀರೆ ಬದಲಿಸಲು ಮನೆಗೆ ಬಂದರು.

ನನಗೆ ತಡೆಯಲಾಗಲಿಲ್ಲ. "ಅತ್ತೀ, ಸೈಲಾಬ ಅಂದ್ರ ಮನಷಾ ಅಲ್ರಿ. ಮಹಾಪೂರ ರೀ. ಹೊಳಿ ಬರ್ತದ!"

ಅತ್ತೆ ಅಂಗಳಕ್ಕೆ ಹೋಗಿ ಮುಗಿಲು ನೋಡಿದರು. ಅಂಗೈಯಗಲ ಮೋಡವಿರಲಿಲ್ಲ.

"ಖರೇನ ಹೇಳ್ತಿ?"

"ಖರೇನೇ ರೀ. ಮ್ಯಾಲ ಭಾಲ್ಕಿ ಕಡಿ ಮಳಿ ಆಗಿರಬೇಕು."

ಅತ್ತೆ ಅರ್ಧ ಉಟ್ಟ ಸೀರೆಯ ಸೆರಗನ್ನು ಸೊಂಟಕ್ಕೆ ಸಿಗಿಸಿ, ನನ್ನ ಕೈ ಹಿಡಿದು ದಂಡೆಗೆ ಎಳೆದುಕೊಂಡೇ ಹೋದರು. "ಗೌಡ್ರ, ಬರೋರು ಸಾಹೇಬ ಅಲ್ಲ, ಹೊಳಿ! ಮಂದಿನ್ನ ಮ್ಯಾಲ ಹತ್ತಸ್ರಿ!"

ಜನ ನಕ್ಕರು. ಗೌಡರು ರುಮಾಲು ಸರಿಪಡಿಸಿಕೊಂಡು, "ನಿನ್ನಿ ಬಂದ ಸೊಸಿ ಮಾತ ಕೇಳಿ ನಾವು ಓಡಬೇಕೇನು?" ಎಂದರು.

"ಆಕಿ ತಪ್ಪಿದ್ರ ಊರಿಗೆಲ್ಲಾ ಹೋಳಿಗಿ ಉಣಸ್ತೇನಿ. ನೀವ್ ತಪ್ಪಿದ್ರ ನನ್ನ ಕುರಿ ತಂದ್ ಕೊಡ್ತೀರೇನ್ರಿ?"

ಹೋಳಿಗೆಯ ಆಸೆಗೋ ಭಯಕ್ಕೋ, ದಂಡೆಯ ಗುಡಿಸಲಿನವರು ಗಂಟು ಕಟ್ಟತೊಡಗಿದರು. ನಾವಿಬ್ಬರೂ ಹಿಂಡನ್ನು ದಿಬ್ಬದ ಮೇಲಿನ ಮಿಷನ್ ಶಾಲೆಗೆ ಹೊಡೆದುಕೊಂಡು ಹೋದೆವು. ಅಲ್ಲಿ ಪಾಠ ಹೇಳುತ್ತಿದ್ದ ಕ್ರೈಸ್ತ ದಂಪತಿ ಬೆಂಚುಗಳನ್ನು ಹೊರಗಿಟ್ಟು ಬಾಗಿಲು ತೆಗೆದರು. "ಬರ್ರಿ, ಬರ್ರಿ. ನಮ್ಮ ಮಕ್ಕಳಿಗಿಂತ ಇವೇ ಛಲೋ ಸಾಲು ಹಚ್ಚತಾವ," ಎಂದರು ಟೀಚರಮ್ಮ. ಆ ಟಗರು ಮಾತ್ರ ಮೆಟ್ಟಿಲು ಹತ್ತಲು ಒಪ್ಪಲಿಲ್ಲ. ಅದನ್ನು ಮೇಷ್ಟ್ರು ಹಿಂದಿನಿಂದ ನೂಕಿ ಒಳಗೆ ಸೇರಿಸಿದರು.

ಇಳಿಹೊತ್ತಿಗೆ ನೂರು ಬಂಡಿ ಒಟ್ಟಿಗೆ ಉರುಳಿದಂಥ ಸದ್ದಾಯಿತು. ಮಣ್ಣು ಬಣ್ಣದ ನೀರು ಬೀಳನ್ನು ನುಂಗಿತು, ಗುಡಿಸಲುಗಳನ್ನು ನುಂಗಿತು. ತೋರಣದ ಕಮಾನು ನೆಟ್ಟಗೆ ನಿಂತಂತೆಯೇ ಸ್ವಲ್ಪ ದೂರ ತೇಲಿ ಹೋಯಿತು. ಆಗ ಯಾರೂ ನಗಲಿಲ್ಲ. ಅತ್ತೆ ಮತ್ತೆ ನನ್ನ ಕೈ ಹಿಡಿದುಕೊಂಡರು. ಜನ, ದನ ಎಲ್ಲವೂ ದಿಬ್ಬದ ಮೇಲಿದ್ದವು. ಸಮುದ್ರದಲ್ಲಿ ತೂಫಾನು ಎದ್ದಿದೆಯೆಂದು ಔರಾದಿಗೆ ತಂತಿ ಬಂದೇ ಆ ಡಂಗುರ ಹೊರಟಿತ್ತೆಂಬುದು ನಮಗೆ ತಿಳಿದದ್ದು ಆಮೇಲೆ.

ಆ ಸಂಜೆ ಮಳೆ ನಮ್ಮ ಮೇಲೂ ಸುರಿಯಿತು. ಶಾಲೆಯಲ್ಲಿ ಕುರಿ, ಕೂಸು, ಗೌಡರು ಎಲ್ಲರೂ ಒತ್ತಿಕೊಂಡು ಕೂತೆವು. ಟೀಚರಮ್ಮ ಮತ್ತು ಅತ್ತೆ ಜೋಳದ ನುಚ್ಚು ಕುದಿಸಿದರು. ಗೌಡರು ತಮ್ಮ ತಟ್ಟೆಯನ್ನು ಮೊದಲು ನನ್ನ ಕಡೆಗೆ ಸರಿಸಿದರು. "ನೀ ಉಣ್ಣವ್ವ," ಎಂದರು, ಅಷ್ಟೇ.

ನೀರು ಇನ್ನೂ ಇಳಿಯದಿದ್ದಾಗ, ಹಬ್ಬಕ್ಕೆ ನನ್ನನ್ನು ಕರೆದೊಯ್ಯಲು ಅಣ್ಣ ಬೀದರದಿಂದ ಬಂದು ಆಚೆ ದಂಡೆಯಲ್ಲಿ ನಿಂತ. ಏನೋ ಕೂಗಿದ, ಕೇಳಲಿಲ್ಲ. ನಾನೂ ಕೂಗಿದೆ, ಹಿರಿಯರೆಲ್ಲರ ಎದುರೇ, ಗಂಟಲು ಹರಿಯುವಂತೆ. ಅತ್ತೆ ಸುಮ್ಮನಿರೆನ್ನಲಿಲ್ಲ. ಪಕ್ಕದಲ್ಲಿ ನಿಂತು ತಾವೂ ಬಾಯಿಗೆ ಕೈಹಚ್ಚಿ, "ಹೊಳಿ ಇಳದ ಮ್ಯಾಲ ಬಾರೋ! ಅಲ್ಲೀ ತನಾ ಆಕಿನ್ನ ಕಳಸಂಗಿಲ್ಲ!" ಎಂದು ಕೂಗಿದರು.