ಮೊದಲ ತುತ್ತು ಅವಳಿಗೆ

ಹುಬ್ಬಳ್ಳಿ ಸ್ಟೇಷನ್ನಿನ ಹತ್ತಿರ ನಮ್ಮ ಕಾಕಾ ಹೋಟೆಲ್ ನಡೆಸುತ್ತಿದ್ದರು. ಮುಂಬಯಿಗೆ ಹೋದಾಗಲೆಲ್ಲ ಅಲ್ಲಿಂದ ಒಂದು ಐಡಿಯಾ ಹೊತ್ತು ತರುವುದು ಅವರ ಸ್ವಭಾವ. ಅರವತ್ತರ ದಶಕದ ಆರಂಭದ ಒಂದು ಮಳೆಗಾಲ ಅವರು ತಂದದ್ದು ‘ಡಿನ್ನರ್ ಶೋ’. ಜನ ಉಣ್ಣುತ್ತಿರಬೇಕು, ಎದುರಿಗೆ ಸ್ಟೇಜಿನ ಮೇಲೆ ಆಟ ನಡೆಯುತ್ತಿರಬೇಕು. ಅದಕ್ಕೆ ತಕ್ಕ ಕಂಪನಿಯೂ ಸಿಕ್ಕಿತ್ತು: ಅರ್ಧ ಸರ್ಕಸ್, ಅರ್ಧ ನಾಟಕ, ನಡುನಡುವೆ ಹಾಡು, ಡ್ಯಾನ್ಸು, ನಗಿಸುವ ನಕಲಿ. ಗೋಕುಲ ರಸ್ತೆಯ ಬಯಲಿನಲ್ಲಿ ಡೇರೆ ಸೋರಿ ಅವರ ಆಟ ನಿಂತಿತ್ತು.

ಆ ಕಂಪನಿಯಲ್ಲಿ ಒಬ್ಬಳಿದ್ದಳು, ನಾನು ಅಕ್ಕ ಎನ್ನುತ್ತಿದ್ದೆ. ಎತ್ತರದ ಜೋಕಾಲಿಯ ಆಟದವಳು, ಭುಜಕ್ಕೆ ಪೆಟ್ಟಾಗಿ ಅದನ್ನು ಬಿಟ್ಟಿದ್ದಳು. ಹಣೆಯ ಮೇಲೆ ಕೋಲು, ಕೋಲಿನ ತುದಿಯಲ್ಲಿ ತಿರುಗುವ ಹಿತ್ತಾಳೆ ತಟ್ಟೆ, ಹಾಗೇ ನಿಂತು ಹಾಡುವುದು ಈಗ ಅವಳ ಐಟಂ. ದೊಡ್ಡ ಡೇರೆಯಲ್ಲಿ ಅದು ಯಾರ ಕಣ್ಣಿಗೂ ಬೀಳುವಂಥದಲ್ಲ. ಮೊದಲ ಸಂಜೆ ಜನ ಒಪ್ಪಿದರೆ ಕಾಕಾ ಮಳೆಗಾಲಪೂರ್ತಿ ಕಂಪನಿಯನ್ನು ಇಟ್ಟುಕೊಳ್ಳುವವರು. ಇಲ್ಲವಾದರೆ ಕಂಪನಿಯ ಮ್ಯಾನೇಜರ್ ಅವಳೊಬ್ಬಳನ್ನು ಕೈಬಿಟ್ಟು ದಾವಣಗೆರೆಗೆ ಹೊರಡುವವರಿದ್ದರು.

ದೇಶಪಾಂಡೆ ನಗರದ ವಕೀಲರು, ಹತ್ತಿ ವ್ಯಾಪಾರಿಗಳು ಮನೆಮಂದಿ ಸಮೇತ ಬಂದರು. ತಟ್ಟೆಯಲ್ಲಿ ಕಡಕ್ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಹೋಳಿಗೆ. ಹಾರ್ಮೋನಿಯಂ ಶುರುವಾಯಿತು, ಅಕ್ಕನ ತಟ್ಟೆ ತಿರುಗಿತು. ಊಟಕ್ಕೆ ಮಾತ್ರ ಒಬ್ಬರೂ ಕೈ ಹಾಕಲಿಲ್ಲ. ನಾನು ರೊಟ್ಟಿ ಮುರಿಯಹೋದರೆ ಪಕ್ಕದಲ್ಲಿದ್ದ ನನ್ನ ಅಜ್ಜಿ, ನಮ್ಮೆಲ್ಲರ ಆಯಿ, ನನ್ನ ಮೊಣಕಾಲು ಅಮುಕಿದಳು. ನಾನು ಕಾನ್ವೆಂಟಿನಲ್ಲಿ ಕಲಿತ ಟೇಬಲ್ ಮ್ಯಾನರ್ಸ್‌ನಲ್ಲಿ ಇದು ಇರಲಿಲ್ಲ.

“ತಗೋರಿ, ಆರಾಕತ್ತೈತಿ,” ಎಂದು ಕಾಕಾ ಟೇಬಲ್ಲಿನಿಂದ ಟೇಬಲ್ಲಿಗೆ ಓಡಾಡಿದರು. “ಆಗಲಿ ಬಿಡ್ರಿ, ಅವಸರ ಏನೈತಿ,” ಎಂದರು ಎಲ್ಲರೂ. ಸ್ಟೇಜಿನ ಮೇಲಿಂದ ಅಕ್ಕನಿಗೆ ಕಾಣುತ್ತಿದ್ದದ್ದು ಮುಟ್ಟದ ತಟ್ಟೆಗಳು, ಕೈಕಟ್ಟಿ ಕುಳಿತ ಜನ. ಅವಳ ದನಿ ಸಣ್ಣದಾಗುತ್ತ ಬಂತು.

ಹಾಡು ಮುಗಿದದ್ದೇ ಕಾಕಾ ಆಯಿಯ ಹತ್ತಿರ ಬಂದರು. “ಯವ್ವಾ, ಅಡಗಿ ಕೆಟ್ಟೈತೇನ?”

“ಅಡಗಿಗೇನಾಗೈತಿ. ಎದುರಿಗೆ ಒಂದು ಹೆಣ್ಣುಮಗಳು ಉಪವಾಸ ನಿಂತು ದುಡಿಯಾಕತ್ತಾಳ. ಗಂಟಲದಾಗ ಹ್ಯಾಂಗ ಇಳೀತೈತೋ? ನಿನ್ನ ಮುಂಬೈದಾಗ ಇಳೀತಿರಬೇಕು.”

“ಆಕಿ ಆಟ ಮುಗದ ಮ್ಯಾಲೆ ಉಣ್ತಾಳ.”

“ಹಂಗಾರ ನಾವೂ ಆವಾಗನ ಉಣ್ತೀವಿ.”

ಕಾಕಾ ಅಕ್ಕನನ್ನು ಕೆಳಗೆ ಕರೆದರು. ಅವಳ ಕಣ್ಣಿನ ಕಾಡಿಗೆ ಆಗಲೇ ಹರಡಿತ್ತು. “ನನ್ನ ಐಟಂ ಪಸಂದ ಬರಲಿಲ್ಲೇನ್ರಿ?”

“ಬಂದೈತಿ. ಮೊದಲ ನೀ ಉಣ್ಣು, ನಮ್ಮವ್ವ,” ಎಂದಳು ಆಯಿ.

“ಆಟಕ್ಕಿಂತ ಮೊದಲ ನಾವು ಏನೂ ತಿನ್ನಂಗಿಲ್ರಿ, ಆಯಿ. ಕಂಪನಿ ರೂಲ್ ಐತ್ರಿ. ಹೊಟ್ಟಿ ತುಂಬಿದ್ರ ತೋಲ ತಪ್ಪಿ ತಟ್ಟಿ ಬೀಳತೈತಿ.”

“ಹೊಟ್ಟಿ ತುಂಬಸ್ಕೋ ಅಂದವ್ರು ಯಾರು? ಒಂದ ತುತ್ತು.”

ಅಕ್ಕ ತಿರುಗಿ ಮ್ಯಾನೇಜರ್ ಕಡೆ ನೋಡಿದಳು. ಅವರು ಬೇಡವೆಂದು ತಲೆಯಾಡಿಸಿದರು. ಆಮೇಲೆ ಹೋಟೆಲಿನ ತುಂಬ ಮುಟ್ಟದೆ ಇದ್ದ ತಟ್ಟೆಗಳನ್ನು ನೋಡಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಅಕ್ಕ ಬಾಯಿ ತೆರೆದಳು. ಆಯಿ ಹೋಳಿಗೆಯ ಚೂರನ್ನು ತುಪ್ಪದಲ್ಲಿ ಅದ್ದಿ ಬಾಯಿಗಿಟ್ಟಳು.

ಎರಡನೇ ಹಾಡು ಶುರುವಾಯಿತು, ಊಟವೂ. ಅಷ್ಟೂ ಜನ ಒಮ್ಮೆಲೇ ಕಡಕ್ ರೊಟ್ಟಿ ಮುರಿದು ಅಗಿದರೆ ಎಂಥ ಸಪ್ಪಳ ಎಂದು ಕಾಕಾ ಲೆಕ್ಕ ಹಾಕಿರಲಿಲ್ಲ. ಹಾಡು ಕೇಳಿಸಲೇ ಇಲ್ಲ. ಅಕ್ಕ ನಡುವೆಯೇ ನಿಲ್ಲಿಸಿ ನಕ್ಕುಬಿಟ್ಟಳು, ತಟ್ಟೆ ಮಾತ್ರ ಬೀಳಿಸಲಿಲ್ಲ. ತಬಲಾದವನು ಆ ಕಟಕಟ ಸಪ್ಪಳಕ್ಕೇ ಠೇಕಾ ಹಿಡಿದ. ಜನ ಊಟ ಬಿಟ್ಟು ಎಡಗೈಯಿಂದ ಟೇಬಲ್ ಬಡಿದರು. ಕಾಕಾ ಅಲ್ಲಿಯೇ ಮ್ಯಾನೇಜರ್ ಕೈ ಕುಲುಕಿದರು.

ಅಂದಿನಿಂದ ಅವಳಿಗೆ ತುತ್ತು ಕೊಡದೆ ಶೋ ಶುರುವಾಗುತ್ತಿರಲಿಲ್ಲ. “ಇವತ್ತ ನಮ್ಮ ಪಾಳಿ,” ಎಂದು ಹೆಂಗಸರ ನಡುವೆ ಜಗಳ. ಒಂದಿದ್ದ ತುತ್ತು ಟೇಬಲ್ಲಿಗೊಂದಾಯಿತು. ಶ್ರಾವಣ ಬರುವಷ್ಟರಲ್ಲಿ ಅವಳ ಸ್ಯಾಟಿನ್ ಬ್ಲೌಸು ಬಿಗಿಯಾಗತೊಡಗಿತು. ನೀಡಲ್‌ವರ್ಕ್‌ನಲ್ಲಿ ಕ್ಲಾಸಿಗೇ ಫಸ್ಟ್ ಬಂದ ನಾನು ಪಕ್ಕದ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟೆ. ತೊಟ್ಟು ನೋಡಿ, ಕನ್ನಡಿಯ ಮುಂದೆ ಒಮ್ಮೆ ತಿರುಗಿ ಹೇಳಿದಳು: “ಇನ್ನೊಂದು ಇಂಚು ಬಿಡು, ತಂಗಿ. ನಾಳೆ ತುತ್ತು ಕೊಡಾಕ ಡಾಕ್ಟರ್ ಮನಿಯವ್ರೂ ಬರ್ತಾರಂತ.”